ಕೇಪು ಇಲ್ಲದ ತುಪಾಕಿ

2024ರ ಜೂನ್ 23, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಮುಳಬಾಗಿಲು ದಾಟಿ ನಂಗಲಿಯ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಅಮರನಾಥ ಬೈಕಿನ ಟ್ಯಾಂಕಿನ ಮುಚ್ಚಳ ತೆರೆದು ನಿಂತಿದ್ದ. ಹಿಂದೆ ಕೂತು ಬಂದಿದ್ದ ಮಗಳು ದಿವ್ಯ ಮೊಬೈಲ್ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡನ್ನು ಕಂಕುಳಲ್ಲಿಟ್ಟುಕೊಂಡು ನೆರಳಿಗೆ ಸರಿದಿದ್ದಳು. ಪೈಪು ಹಿಡಿದ ಹುಡುಗಿ ಯಾವ ಭಾವನೆಯೂ ಇಲ್ಲದೆ, ದಿನಕ್ಕೆ ನೂರಾರು ಜನರಿಗೆ ಹೇಳುವ ಮಾತನ್ನು ಅವನಿಗೂ ಹೇಳಿದಳು: "ಜೀರೋ ನೋಡ್ಕೊಳಿ ಸಾರ್." ಅವನು ನೋಡಿದ. ಸೊನ್ನೆಗಳು ಸಾಲಾಗಿ ನಿಂತಿದ್ದವು. ಕಳೆದ ಭಾನುವಾರ ಇದೇ ಮಗಳ ಮುಖದ ಕಡೆಗೆ ದೊಡ್ಡಪ್ಪನ ಹಳೆಯ ಬಂದೂಕನ್ನು ಹಿಡಿದು ಮೂರು ಸಲ ಟ್ರಿಗರ್ ಎಳೆದಿದ್ದ. ಆಗ ಅದು ತುಂಬಿತ್ತೋ ಖಾಲಿಯಿತ್ತೋ ಅವನಿಗೆ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎನ್ನುವುದೇ ಗೊತ್ತಾದದ್ದು ಗುರುವಾರ ಸಂಜೆ. ಅಲ್ಲಿಂದ ಇಲ್ಲಿಯವರೆಗೆ ಅವನು ಊಟ ಮಾಡಿದ್ದ, ಕೆಲಸಕ್ಕೆ ಹೋಗಿದ್ದ, ಹೆಂಡತಿ ಸುನಂದಳ ಜೊತೆ ಸೋಫಾದ ಬಟ್ಟೆ ಆರಿಸಲು ಅಂಗಡಿಗೂ ಹೋಗಿದ್ದ. ಈಗ ಬೈಕಿನ ಪೆಟ್ಟಿಗೆಯಲ್ಲಿ ಒಂದು ಸ್ಟೀಲ್ ಟೇಪು ಮತ್ತು ಗುರುತು ಹಾಕುವ ಪೆನ್ನು ಇದ್ದವು. ಬಂದೂಕಿಗೆ ಎಣ್ಣೆ ಹಾಕಲು ಹೋಗುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿದ್ದ.

ಸೊನ್ನೆ ನೋಡುವುದು ಅವನ ಕಸುಬು. ನರಸಾಪುರದ ಕಾರ್ಖಾನೆಯೊಂದರ ಗೇಜ್ ರೂಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ, ಅಳೆಯುವ ಸಾಧನಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದು. ಮೈಕ್ರೋಮೀಟರನ್ನು ಪೂರ್ತಿ ಮುಚ್ಚಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡದೆ ಅವನು ಒಂದು ಮೊಳೆಯನ್ನೂ ಅಳೆದವನಲ್ಲ. ಹೊಸದಾಗಿ ಸೇರಿದವರಿಗೆ ಅವನು ಮೊದಲು ಹೇಳುವ ಪಾಠವೂ ಅದೇ: ಸಾಧನವನ್ನು ನಂಬಬೇಡಿ, ಅದನ್ನು ಕೊಟ್ಟವನನ್ನೂ ನಂಬಬೇಡಿ. ಹೋದ ವರ್ಷ ಗಾಜಿನ ಕೋಣೆಯೊಳಗೆ ಅಳೆಯುವ ಹೊಸ ಯಂತ್ರ ಬಂದು ಕೂತ ಮೇಲೆ ಪಾಠ ಹೇಳುವ ಸಂದರ್ಭಗಳು ಕಡಿಮೆಯಾಗಿದ್ದವು. ಯಂತ್ರ ತಾನೇ ತನ್ನ ಸೊನ್ನೆಯನ್ನು ನೋಡಿಕೊಳ್ಳುತ್ತಿತ್ತು, ಅದರ ಮಾಣಿಕ್ಯದ ತುದಿ ವಸ್ತುವನ್ನು ಮುಟ್ಟಿ ಮುಟ್ಟಿ ಹಿಂದೆ ಬರುತ್ತಿತ್ತು, ಅವನು ಪರದೆಯ ಮೇಲಿನ ಹಸಿರು ಚೌಕವನ್ನು ಒತ್ತುತ್ತಿದ್ದ. ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ಮೇಲ್ವಿಚಾರಕ ಸುರೇಶ್ ಒಂದು ದಿನ, ನಿಮಗೇನು ಸಾರ್ ಈಗ ಆರಾಮ, ಒಂದು ಬೆರಳಿನ ಕೆಲಸ, ಅಂದಿದ್ದ. ತಮಾಷೆಗೆ ಅಂದದ್ದೇ. ಆದರೆ ಅಮರನಾಥನಿಗೆ ಆ ದಿನ ಕಂಪನಿ ಬಸ್ಸಿನಲ್ಲಿ ಬರುವಾಗ ಹೆಬ್ಬೆರಳನ್ನು ನೋಡಿಕೊಳ್ಳುವ ಹಾಗಾಯಿತು. ಮೈಕ್ರೋಮೀಟರಿನ ತಿರುಪು ಸಾಕಷ್ಟು ಬಿಗಿಯಾದಾಗ ಟಿಕ್ ಟಿಕ್ ಎಂದು ಜಾರುತ್ತದಲ್ಲ, ಆ ಶಬ್ದ ಕಿವಿಗಿಂತ ಮೊದಲು ಹೆಬ್ಬೆರಳಿಗೆ ಕೇಳಿಸುತ್ತಿತ್ತು.

ಥಿಯೇಟರಿನಲ್ಲಿ ಕೇಳಿಸಿದ್ದು ಅದೇ ಶಬ್ದ. ಮಾರ್ಚ್ ತಿಂಗಳಲ್ಲಿ ದಿವ್ಯಳ ಒತ್ತಾಯಕ್ಕೆ ಕೋಲಾರದಲ್ಲಿ ಒಂದು ತೆಲುಗು ಸಿನಿಮಾಕ್ಕೆ ಹೋಗಿದ್ದ. ನಾಯಕ ಬೆಟ್ಟದ ಮೇಲೆ ಒಂಟಿಯಾಗಿ ಕೂತು ಉದ್ದ ನಳಿಗೆಯ ಹಳೆಯ ಬಂದೂಕಿಗೆ ಮದ್ದು ಸುರಿಯುತ್ತಾನೆ, ನಾರು ತುರುಕುತ್ತಾನೆ, ಕಬ್ಬಿಣದ ಸಲಾಕೆಯಿಂದ ಗಿಡಿಯುತ್ತಾನೆ. ಕೆಳಗೆ ಮೆಷಿನ್‌ಗನ್ ಹಿಡಿದ ಐವತ್ತು ಜನ ಜೀಪುಗಳಲ್ಲಿ ಬರುತ್ತಿದ್ದಾರೆ, ಇವನಿಗೆ ಯಾವ ಆತುರವೂ ಇಲ್ಲ. ಸಂಗೀತವೂ ನಿಲ್ಲುತ್ತದೆ. ಹೆಬ್ಬೆರಳು ಬಂದೂಕಿನ ಕುದುರೆಯನ್ನು, ಅಂದರೆ ಟ್ರಿಗರ್ ಎಳೆದಾಗ ಬಂದು ಬಡಿಯುವ ಆ ಸುತ್ತಿಗೆಯನ್ನು, ಹಿಂದಕ್ಕೆ ಎಳೆಯುತ್ತದೆ. ಕಟಕ್. ಇಡೀ ಥಿಯೇಟರು ಶಿಳ್ಳೆ ಹಾಕಿತು. ಅಮರನಾಥ ಶಿಳ್ಳೆ ಹಾಕಲಿಲ್ಲ, ಅವನ ಹೆಬ್ಬೆರಳು ಕುರ್ಚಿಯ ಕೈಯನ್ನು ಒತ್ತಿ ಹಿಡಿದಿತ್ತು. ಮೆಷಿನ್‌ಗನ್ನನ್ನು ಯಾರು ಬೇಕಾದರೂ ಹೊಡೆಯಬಹುದು, ಒಂದು ಬೆರಳಿನ ಕೆಲಸ. ಇದಕ್ಕೆ ಒಬ್ಬ ಮನುಷ್ಯ ಬೇಕು, ಅನ್ನಿಸಿತು. ಅನ್ನಿಸಿದ್ದು ಸುಳ್ಳು ಎಂದು ಮನೆಗೆ ಬರುವಷ್ಟರಲ್ಲಿ ಅವನಿಗೆ ತಿಳಿದಿತ್ತು. ಅಷ್ಟು ದೂರಕ್ಕೆ ಆ ಬಂದೂಕಿನ ಚರೆ, ಅಂದರೆ ಸೀಸದ ಸಣ್ಣ ಗುಂಡುಗಳು, ಹೋಗುವುದಿಲ್ಲ, ಹೋದರೂ ಜೀಪು ಹಾರುವುದಿಲ್ಲ. ಇದನ್ನು ದಿವ್ಯಳಿಗೆ ವಿವರಿಸಿ ಹೇಳಿಯೂ ಇದ್ದ. ವಿವರಿಸಿದ ಮೇಲೂ ಆಸೆ ಹೋಗಲಿಲ್ಲ. ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಅದೇ ದೃಶ್ಯವನ್ನು ಮತ್ತೆ ಮತ್ತೆ ನೋಡಿದ. ತುಂಬುವುದನ್ನು ಅಷ್ಟು ನಿಧಾನವಾಗಿ, ಅಷ್ಟು ಹತ್ತಿರದಿಂದ ತೋರಿಸುತ್ತಾರೆ, ಹೊಡೆಯದೆ ಉಳಿದದ್ದನ್ನು ಬರಿದು ಮಾಡುವುದನ್ನು ಯಾವ ಸಿನಿಮಾದಲ್ಲೂ ತೋರಿಸುವುದಿಲ್ಲ ಎಂದು ಅವನಿಗೆ ಹೊಳೆದದ್ದು ಮಾತ್ರ ಈ ಗುರುವಾರ.

"ಅಪ್ಪ, ಹೋಗೋಣ್ವಾ?" ಎಂದು ದಿವ್ಯ ಹತ್ತಿ ಕೂತಳು. ಆಂಧ್ರದ ಲಾರಿಗಳು ಮಾವಿನಹಣ್ಣಿನ ವಾಸನೆ ಬಿಟ್ಟು ಹೋಗುತ್ತಿದ್ದವು. ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗಿ ಅವಳು, ಅಪ್ಪನ ಭುಜದ ಮೇಲೆ ಗಲ್ಲವಿಟ್ಟು, ಹೋದ ಸಲದ ವಿಡಿಯೋಗೆ ಹೊಗೆ ಸಾಲಲಿಲ್ಲ ಅಂತ ಎಲ್ಲರೂ ಕಾಮೆಂಟ್ ಮಾಡಿದ್ದಾರೆ, ಎರಡನೇ ಭಾಗಕ್ಕೆ ಎರಡೆರಡು ಕೇಪು ಇಟ್ಟರೆ ಹೇಗೆ ಎಂದು ಕೇಳಿದಳು. ಗಾಳಿಗೆ ಕೇಳಿಸಲಿಲ್ಲ ಎನ್ನುವ ಹಾಗೆ ಅವನು ಗೇರು ಬದಲಾಯಿಸಿದ. ಕೇಪಿನ ಉಪಾಯ ಅವನದೇ. ದೀಪಾವಳಿಯಲ್ಲಿ ಮಕ್ಕಳ ಪಿಸ್ತೂಲಿಗೆ ಹಾಕುವ ಕೆಂಪು ಕೇಪುಗಳ ಡಬ್ಬಿ ದೊಡ್ಡಪ್ಪನ ಮನೆಯ ಗೂಡಿನಲ್ಲಿ ಉಳಿದಿತ್ತು. ಬಂದೂಕಿನ ಹಿಂಬದಿಯಲ್ಲಿ ಅಸಲಿ ಕೇಪು ಕೂರಿಸುವ ಸಣ್ಣ ಮೊಳೆಯ ಮೇಲೆ ಇದನ್ನಿಟ್ಟು ಕುದುರೆ ಬೀಳಿಸಿದರೆ ಕಿಡಿ ಬರುತ್ತದೆ, ಸ್ವಲ್ಪ ಹೊಗೆ ಬರುತ್ತದೆ, ಸಿನಿಮಾದ ಹಾಗೇ ಇರುತ್ತದೆ ಎಂದು ಲೆಕ್ಕ ಹಾಕಿದ್ದ. ಆ ಮೊಳೆಯಲ್ಲಿ ತೂತಿದೆ, ತೂತು ನೇರ ಮದ್ದಿನ ಬುಡಕ್ಕೆ ಹೋಗುತ್ತದೆ ಎನ್ನುವುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೂ ಮಾಡುತ್ತಿದ್ದದ್ದಕ್ಕೂ ನಡುವೆ ಒಂದು ಪದವಿತ್ತು: ಖಾಲಿ. ಆ ಪದವನ್ನು ಅವನು ಠಾಣೆಯಲ್ಲಿ ಕೇಳಿಸಿಕೊಂಡಿದ್ದ. ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಮುಗಿದ ಮೇಲೆ ವಾಪಸ್ಸು ತರಲು ದೊಡ್ಡಪ್ಪ ಮುನಿಕೃಷ್ಣಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದವನು ಅವನೇ. ವಾಪಸ್ಸು ತರುವುದು ಬೇಡ, ಅಲ್ಲೇ ಬರೆದುಕೊಟ್ಟು ಬಿಡೋಣ, ಕಣ್ಣು ಮಂಜಾಗಿದೆ, ಕಾಡುಹಂದಿಗೆ ಈಗ ತಂತಿಬೇಲಿ ಇದೆ ಎಂದು ದೊಡ್ಡಪ್ಪ ಹೇಳಿದ್ದರು. ಬೇಡ ದೊಡ್ಡಪ್ಪ, ಮನೆತನದ್ದು, ಇರಲಿ, ಮುಂದೆ ನನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ ಎಂದವನೂ ಅವನೇ. ಮನೆತನದ ಮಾತು ಅವನ ಬಾಯಲ್ಲಿ ಅದಕ್ಕೆ ಮೊದಲು ಯಾವತ್ತೂ ಬಂದಿರಲಿಲ್ಲ. ಠಾಣೆಯಲ್ಲಿ ಚಿಕ್ಕ ವಯಸ್ಸಿನ ಪೇದೆ ಬಂದೂಕನ್ನು ಕೊಡುವ ಮೊದಲು ಅದನ್ನು ಭುಜಕ್ಕಿಟ್ಟು ಒಂದು ಫೋಟೋ ತೆಗೆಸಿಕೊಂಡ; ಅವನೂ ಸಿನಿಮಾ ನೋಡಿದ್ದ. ಆಮೇಲೆ, ಖಾಲಿ ತಾನೆ ಯಜಮಾನ್ರೇ, ಎಂದು ಕೇಳಿದ. ಖಾಲಿ ಸ್ವಾಮಿ, ಎಂದರು ದೊಡ್ಡಪ್ಪ. ಕೇಳಿದವನೂ ಹೇಳಿದವರೂ ಸಹಜವಾಗಿಯೇ ಇದ್ದರು. ಅಮರನಾಥ ಆ ಪದವನ್ನು ಮುದ್ರೆ ಬಿದ್ದ ಪ್ರಮಾಣಪತ್ರದಂತೆ ಜೇಬಿಗೆ ಹಾಕಿಕೊಂಡು ಬಂದ.

ಕಳೆದ ಭಾನುವಾರ ದೊಡ್ಡಪ್ಪನ ಮನೆಯ ಹಿಂದಿನ ಕಣದಲ್ಲಿ, ಬಂಡೆಯ ಎದುರು, ಅವನು ದೊಡ್ಡಪ್ಪನ ಕರಿ ಕಂಬಳಿ ಹೊದ್ದು ನಿಂತಿದ್ದ. ಸಿನಿಮಾದಲ್ಲಿ ನಳಿಗೆಯ ಬಾಯಿ ನೇರ ನೋಡುವವರ ಕಣ್ಣಿಗೆ ಬರುತ್ತದೆ, ಹಾಗೇ ಬೇಕು ಎಂದು ದಿವ್ಯ ನೆಲದ ಮೇಲೆ ಮಲಗಿ, ಮೊಬೈಲನ್ನು ಮುಖದ ಮುಂದೆ ಹಿಡಿದಿದ್ದಳು. ಇನ್ನೂ ಹತ್ರ ಅಪ್ಪ, ಇನ್ನೂ ಹತ್ರ. ಅಲ್ಲೇ ದೊಡ್ಡಮ್ಮ ಶಾಮಲಮ್ಮನ ಜೊತೆ ಟೊಮೇಟೊ ಆರಿಸಿ ಕ್ರೇಟಿಗೆ ತುಂಬುತ್ತಿದ್ದ ಸುನಂದ ತಲೆ ಎತ್ತಿ, "ಮಗು ಮುಖಕ್ಕೆ ಯಾಕ್ರೀ ಹಿಡೀತೀರ, ಪಕ್ಕಕ್ಕೆ ಹಿಡೀರಿ," ಅಂದಳು. ಅವನು ಗೇಜ್ ರೂಮಿನ ಪಾಠದ ದನಿಯಲ್ಲಿ ಹೇಳಿದ: "ಇದು ಬರೀ ಕಬ್ಬಿಣದ ಪೈಪು ಸುನಂದ. ಪೈಪಿಗೆ ಯಾರಾದ್ರೂ ಹೆದರ್ತಾರಾ?" ದೊಡ್ಡಪ್ಪನ ಮಗ ಗೋಪಿ ನಕ್ಕ, ದಿವ್ಯ ನಕ್ಕಳು, ಕೊನೆಗೆ ಸುನಂದಳೂ ಸ್ವಲ್ಪ ನಕ್ಕು ತಲೆ ತಗ್ಗಿಸಿ ಟೊಮೇಟೊ ಆರಿಸತೊಡಗಿದಳು. ಹಾಗೆ ತಗ್ಗಿದ ತಲೆಯ ಬೈತಲೆ, ಅದರ ಮೇಲೆ ಬಿದ್ದಿದ್ದ ಬಿಸಿಲು, ಈ ಮೂರು ದಿನದಿಂದ ಅವನಿಗೆ ಹಲ್ಲುಜ್ಜುವಾಗಲೂ ಕಾಣುತ್ತಿತ್ತು. ಮೊದಲನೆಯ ಕೇಪು ಚಟ್ ಎಂದಿತು. ಎರಡನೆಯದೂ ಚಟ್ ಎಂದಿತು. ಮೂರನೆಯದು ಏನೂ ಅನ್ನಲಿಲ್ಲ. ಕುದುರೆ ಕಿರುಗುಟ್ಟುವುದು ವಿಡಿಯೋದಲ್ಲಿ ಕೇಳಿಸುತ್ತದೆ ಎಂದು ಅದಕ್ಕೆ ಮೊದಲು ಅವನು ಹೊಲಿಗೆ ಯಂತ್ರದ ಎಣ್ಣೆಯನ್ನು ಅಲ್ಲೆಲ್ಲ ಸುರಿದಿದ್ದ. ಆ ಎಣ್ಣೆ ಮೊಳೆಯ ತೂತಿಗೂ ಇಳಿದಿರಬಹುದು. ಅಥವಾ ಇಳಿಯದೆ, ಒಳಗೆ ಹೊತ್ತಿಕೊಳ್ಳುವಂಥದ್ದೇನೂ ಇಲ್ಲದೆ ಇದ್ದಿರಬಹುದು. ಎರಡೂ ಒಂದೇ ಫಲಿತಾಂಶವನ್ನು ಕೊಡುವ ಪ್ರಯೋಗ ಅದು. ಪ್ರಯೋಗದಿಂದ ಏನೂ ಸಾಬೀತಾಗಿರಲಿಲ್ಲ.

ವಿಡಿಯೋ ಓಡಿತು. ಸೋಮವಾರ ಸುರೇಶ್ ಅದನ್ನು ಕ್ಯಾಂಟೀನಿನಲ್ಲಿ ಎಲ್ಲರಿಗೂ ತೋರಿಸಿ, ಬಂದೂಕ್ ಸಾರ್‌ಗೆ ಜಾಗ ಬಿಡ್ರಪ್ಪ, ಎಂದು ಕುರ್ಚಿ ಎಳೆದುಕೊಟ್ಟ. ಲಡ್ಡು ಹೆಚ್ಚಿಗೆ ಬಡಿಸಿದರು. ಗಾಜಿನ ಕೋಣೆಯ ಯಂತ್ರದ ಮುಂದೆ ನಿಂತಾಗ ತನ್ನ ಬೆನ್ನು ನೆಟ್ಟಗಿರುವುದನ್ನು ಅವನು ಗಮನಿಸಿದ. ಇಷ್ಟಕ್ಕೇ ಇಷ್ಟು ಸಂತೋಷವೇ ಎಂದು ನಾಚಿಕೆಯಾಯಿತು, ಸಂತೋಷವಂತೂ ಕಡಿಮೆಯಾಗಲಿಲ್ಲ. ಗುರುವಾರ ಸಂಜೆ ಗೋಪಿ ಫೋನ್ ಮಾಡಿ, ಕೋಲಾರದ ಫೋಟೋಗ್ರಾಫರ್ ಒಬ್ಬ ಮದುವೆಗೆ ಮುಂಚಿನ ಫೋಟೋಗೆ ಹುಡುಗ ಹುಡುಗಿಯನ್ನು ಸೋಮವಾರ ಕರೆತರುತ್ತಾನಂತೆ, ವಿಡಿಯೋ ನೋಡಿ ವಿಳಾಸ ಕೇಳಿದ, ಹುಡುಗಿಯೇ ಬಂದೂಕು ಹಿಡಿಯುತ್ತಾಳಂತೆ ಎಂದು ಹೇಳಿದ. ಹಿಂದಿನಿಂದ ದೊಡ್ಡಪ್ಪನ ದನಿ ಕೇಳಿಸಿತು. ಫೋನ್ ಅವರ ಕೈಗೆ ಹೋಯಿತು. "ಲೇ ಅಮರ, ಆ ಕೇಪು ಹೊಡಿಯೋ ಆಟ ಬೇಡ ಅಂತ ಹೇಳಪ್ಪ ಅವರಿಗೆ. ಮಾಘದಾಗ ಹಂದಿ ಬಂದಾಗ ಮದ್ದು ಗಿಡಿದಿದ್ದೆ. ಹೊಡೆದ್ನೋ ಬಿಟ್ನೋ ಗ್ಯಾನ ಇಲ್ಲ." ಅವರು ಹೇಳಿದ ರೀತಿ, ಒಲೆಯ ಮೇಲೆ ಹಾಲಿಟ್ಟಿದ್ದೆನೋ ಇಲ್ಲವೋ ಎನ್ನುವ ಹಾಗಿತ್ತು. ಭಾನುವಾರ ಕೇಪು ಹೊಡೆದಾಗ ಅವರು ಹೊಲದಲ್ಲಿದ್ದರು. ಠಾಣೆಯಲ್ಲಿ ಖಾಲಿ ಅಂದಿರಲ್ಲ ದೊಡ್ಡಪ್ಪ, ಎಂದು ಅಮರನಾಥ ಕೇಳಿದ. ಕೇಪು ಇಲ್ದಿದ್ಮೇಲೆ ತುಪಾಕಿ ಖಾಲೀನೇ ಅಲ್ವೇನೋ, ಎಂದರು ಅವರು. ಆ ಕಡೆಯ ಊರುಗಳಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಒಮ್ಮೆ ಗಿಡಿದ ಮದ್ದನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ಕೇಪನ್ನು ಕಿತ್ತು ಡಬ್ಬಿಗೆ ಹಾಕಿ, ತುಪಾಕಿಯನ್ನು ಗೋಡೆಗೆ ತಗಲಿಸಿದರೆ ಮುಗಿಯಿತು. ಹಂದಿ ಬರುವವರೆಗೆ, ತಿಂಗಳಾಗಲಿ ವರ್ಷವಾಗಲಿ, ಅದು ಹಾಗೇ ಇರುತ್ತದೆ, ಅದಕ್ಕೆ ಅವರು ಹೇಳುವ ಹೆಸರು ಖಾಲಿ. ಆ ಮನೆಯಲ್ಲಿ ಹುಟ್ಟಿ, ಹತ್ತನೆಯ ತರಗತಿಯವರೆಗೆ ಅಲ್ಲಿಯೇ ಓದಿದ ಅಮರನಾಥನಿಗೆ ಇದು ತಿಳಿದಿರಲೇಬೇಕಿತ್ತು. ತಿಳಿದಿತ್ತೋ ಏನೋ. ತಿಳಿದಿದ್ದು ಮರೆತಿದ್ದರೆ ಅದು ಹೆಚ್ಚು ತಪ್ಪೇ ಕಡಿಮೆ ತಪ್ಪೇ ಎಂದು ಮೂರು ದಿನ ಯೋಚಿಸಿ, ಆ ಪ್ರಶ್ನೆಗೆ ಉತ್ತರವಿಲ್ಲವೆಂದು ಬಿಟ್ಟಿದ್ದ. ಉತ್ತರವಿದ್ದದ್ದು ಇನ್ನೊಂದು ಪ್ರಶ್ನೆಗೆ ಮಾತ್ರ: ನಳಿಗೆಯೊಳಗೆ ಮದ್ದಿದೆಯೋ ಇಲ್ಲವೋ. ನಾನು ಬರುವವರೆಗೆ ಯಾರೂ ಮುಟ್ಟಬೇಡಿ, ಎಣ್ಣೆ ಹಾಕಬೇಕು, ಎಂದು ಗೋಪಿಗೆ ಹೇಳಿ ಫೋನ್ ಇಟ್ಟಿದ್ದ. ಯಾರು ಫೋನು ಎಂದು ಸುನಂದ ಕೇಳಿದಾಗ, ದೊಡ್ಡಪ್ಪ, ಸುಮ್ಮನೆ, ಎಂದಿದ್ದ.

ಅಪ್ಪ ಮಗಳು ಊರು ತಲುಪಿದಾಗ ದೊಡ್ಡಪ್ಪನ ಮನೆಯಲ್ಲಿ ದೊಡ್ಡಮ್ಮ ಒಬ್ಬರೇ ಇದ್ದರು. ಗೋಪಿ ಟೊಮೇಟೊ ಮಂಡಿಗೆ ಹೋಗಿದ್ದ, ಕರೆಂಟು ಬಂದಿದೆಯೆಂದು ದೊಡ್ಡಪ್ಪ ಮೋಟರು ಹಾಕಲು ಹೋಗಿದ್ದರು. "ಏಂ ರಾ ಹೀರೋ," ಎಂದು ದೊಡ್ಡಮ್ಮ ಬಾಗಿಲಲ್ಲೇ ನಕ್ಕರು. "ನಾಳೆ ಅವರು ಬಂದಾಗ ನಾನೂ ಒಂದು ಫೋಟೋ ತೆಗಿಸ್ಕೊತೀನಿ. ಈ ಯಪ್ಪ ನಲವತ್ತು ವರ್ಷ ಅದನ್ನ ಹಿಡ್ಕೊಂಡು ಓಡಾಡಿದ್ರೂ ಒಂದು ನಾಯಿ ತಿರುಗಿ ನೋಡ್ಲಿಲ್ಲ. ಈಗ ದಿನಾ ಮೀಸೆ ತಿರುವ್ಕೊಂಡು ಕೂತ್ಕೊತಾರೆ." ದಿವ್ಯಳಿಗೆ ಪಾಯಸ ಮಾಡಿದ್ದಾರಂತೆ. ಅವಳು ಅಡುಗೆಮನೆಗೆ ಹೋದಳು. ಅಮರನಾಥ ನಡುಮನೆಯಲ್ಲಿ ನಿಂತು ಗೋಡೆಯ ಎರಡು ಗೂಟಗಳ ಮೇಲೆ ಮಲಗಿದ್ದ ಬಂದೂಕನ್ನು ನೋಡಿದ. ಯಾರೋ ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದರು. ಅದು ನಿಜವಾಗಿಯೂ ಚೆನ್ನಾಗಿತ್ತು. ಹಿಡಿಯ ಮರ ಕೈಯ ಬೆವರಿಗೆ ಕಪ್ಪಾಗಿ, ನುಣುಪಾಗಿ, ಕೆನ್ನೆ ಒರಗುವಲ್ಲಿ ಸ್ವಲ್ಪ ಸವೆದಿತ್ತು. ಇಷ್ಟಾದ ಮೇಲೂ, ತೆಗೆದು ಹೆಗಲಿಗೆ ಇಡಬೇಕು ಎನ್ನಿಸಿದ್ದನ್ನು ಅವನು ತನ್ನಿಂದ ಮುಚ್ಚಿಟ್ಟುಕೊಳ್ಳಲಿಲ್ಲ.

ಎರಡೂ ಕೈಯಲ್ಲಿ ಹಿಡಿದು, ಬಾಯಿಯನ್ನು ಯಾರೂ ಇಲ್ಲದ ಕಡೆಗೆ ಮಾಡಿಕೊಂಡು ಹಿಂದಿನ ಕಣಕ್ಕೆ ತಂದ. ಬಾಯಿ ಬಂಡೆಯ ಕಡೆಗೆ ಬರುವಂತೆ ಗೋಣಿಚೀಲದ ಮೇಲೆ ಮಲಗಿಸಿ, ತಾನು ಪಕ್ಕಕ್ಕೆ ಕೂತು, ನಳಿಗೆಯ ಕೆಳಗಿನ ಬಳೆಗಳಿಂದ ಗಿಡಿಯುವ ಸಲಾಕೆಯನ್ನು ಎಳೆದುಕೊಂಡ. ಲೆಕ್ಕ ಸರಳವಾಗಿತ್ತು. ಸಲಾಕೆಯನ್ನು ಬಾಯಿಂದ ಒಳಗೆ ಬಿಟ್ಟರೆ ಎಷ್ಟು ಇಳಿಯುತ್ತದೆ ಎನ್ನುವುದು ಒಳಗಿನ ಅಳತೆ. ಬಾಯಿಂದ ಕೇಪಿನ ಮೊಳೆಯವರೆಗೆ, ಮೇಲಿನಿಂದ, ಹೊರಗಿನ ಅಳತೆ. ಖಾಲಿಯಾಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ, ಮಿಲಿಮೀಟರುಗಳ ವ್ಯತ್ಯಾಸ ಬರಬಹುದು. ಸಲಾಕೆಯನ್ನು ನಿಧಾನವಾಗಿ ಒಳಗೆ ಬಿಟ್ಟ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಟಣ್ ಎನ್ನಬೇಕು. ಟಣ್ ಎನ್ನಲಿಲ್ಲ. ಮೆತ್ತಗಿನ, ಒದ್ದೆ ಮಣ್ಣಿಗೆ ಕೋಲು ಚುಚ್ಚಿದಂಥ ಒಂದು ನಿಲುಗಡೆ ಹೆಬ್ಬೆರಳಿಗೆ ಗೊತ್ತಾಯಿತು. ಬಾಯಿಯ ಅಂಚಿಗೆ ಸರಿಯಾಗಿ ಪೆನ್ನಿನಿಂದ ಗುರುತು ಹಾಕಿ, ಸಲಾಕೆಯನ್ನು ಹೊರಗೆಳೆದು ನಳಿಗೆಯ ಮೇಲೆ ಇಟ್ಟು ನೋಡಿದ. ಟೇಪು ಬೇಕಾಗಲಿಲ್ಲ. ಸಲಾಕೆಯ ತುದಿ ಮೊಳೆಗೆ ಎಷ್ಟೋ ಮೊದಲೇ ನಿಂತಿತ್ತು. ಅವನು ಅದನ್ನು ಕೆಳಗಿಟ್ಟ. ತನಗೆ ಏನಾದರೂ ಆಗಬೇಕು ಎಂದು ಕಾದ. ಏನೂ ಆಗಲಿಲ್ಲ. ಮುಖಕ್ಕೆ ಸೊಳ್ಳೆ ಕೂತಿತು, ಓಡಿಸಿದ. ಒಳಗೆ ದಿವ್ಯ ಏನೋ ಹೇಳಿ ದೊಡ್ಡಮ್ಮನನ್ನು ನಗಿಸುತ್ತಿದ್ದಳು. ಈಗ ಮದ್ದು ನೆನೆದು ಸಾಯಲೆಂದು ನಳಿಗೆಗೆ ನೀರು ಹುಯ್ದು, ಸಂಜೆ ದೊಡ್ಡಪ್ಪನಿಂದ ಎಲ್ಲವನ್ನೂ ಬಿಚ್ಚಿಸಿ, ಫೋಟೋಗ್ರಾಫರನಿಗೆ ಬರಬೇಡವೆಂದು ಫೋನ್ ಮಾಡಿದರೆ ಕೆಲಸ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಕುರ್ಚಿ ಎಳೆದುಕೊಡುವವರು ಎಳೆದುಕೊಡುತ್ತಾರೆ. ಸುನಂದ ಸೋಫಾದ ಬಟ್ಟೆ ಬದಲಾಯಿಸುತ್ತಾಳೆ. ತನಗೊಬ್ಬನಿಗೇ ಗೊತ್ತಿರುವ ಒಂದು ಅಳತೆ ಉಳಿಯುತ್ತದೆ. ಅವನು ಹಾಗೆ ಯೋಚಿಸುತ್ತಾ, ಅದು ಎಷ್ಟು ಸುಲಭ ಎನ್ನುವುದನ್ನು ಸಮಾಧಾನದಿಂದಲೇ ನೋಡುತ್ತಾ ಕೂತಿದ್ದಾಗ ದಿವ್ಯ ಪಾಯಸದ ಲೋಟ ಹಿಡಿದು ಬಂದಳು.

"ಯಾಕಪ್ಪ ಅಷ್ಟು ದೂರ ಕೂತಿದೀರ, ಹಾವು ಹಿಡಿದೋರ ಹಾಗೆ?" ಎಂದು ಸ್ಟ್ಯಾಂಡಿನ ಕಾಲುಗಳನ್ನು ಬಿಚ್ಚತೊಡಗಿದಳು.

"ಅದು ಆಮೇಲೆ. ಇಲ್ಲಿ ಬಾ, ಈ ಕಡೆಯಿಂದ. ಟೇಪ್ ಓದು," ಎಂದ.

ಅವಳು ಕುಕ್ಕರಗಾಲಲ್ಲಿ ಕೂತಳು. ಸಲಾಕೆಯ ತುದಿಯಿಂದ ಪೆನ್ನಿನ ಗುರುತಿನವರೆಗೆ ಅವನು ಟೇಪು ಹಿಡಿದ, ಅವಳು ಓದಿದಳು. ಬಂದೂಕಿನ ಬಾಯಿಂದ ಮೊಳೆಯವರೆಗೆ ಹಿಡಿದ, ಅದನ್ನೂ ಓದಿದಳು. ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಅವನು ಹೇಳಿದ. ಅಷ್ಟನ್ನು ಹೇಳಲು ಅವನಿಗೆ ಆಗುತ್ತಿತ್ತು. ಅವಳ ತುಟಿ ಕಳೆಯುವ ಲೆಕ್ಕಕ್ಕೆ ಅಲುಗಾಡಿ ನಿಂತಿತು.

"ಒಳಗಡೆ ಏನೋ ಇದೆ," ಅಂದಳು.

"ಮದ್ದು, ನಾರು, ಚರೆ."

"ಹೋದ ಭಾನುವಾರಾನೂ ಇತ್ತಾ?"

"ಇತ್ತು. ನಾನು ನೋಡಿರಲಿಲ್ಲ."

ದಿವ್ಯ ಎದ್ದು ಹೋಗುತ್ತಾಳೆ ಎಂದುಕೊಂಡ. ಅವಳು ಹೋಗಲಿಲ್ಲ. ಹಿಂದಕ್ಕೆ ಸರಿದು ನೆಲದ ಮೇಲೆ ಕೂತಳು, ಹೋದ ವಾರ ತಾನು ಮಲಗಿದ್ದ ಜಾಗವನ್ನು ನೋಡಿದಳು, ಬಂದೂಕು ಹಿಡಿದ ಅಪ್ಪ ನಿಂತಿದ್ದ ಜಾಗವನ್ನು ನೋಡಿದಳು. ಎರಡರ ನಡುವೆ ಒಂದು ಕ್ರೇಟು ಇಡುವಷ್ಟು ನೆಲವಿತ್ತು. ಅವಳ ಮುಖದಲ್ಲಿ ಸಿಟ್ಟನ್ನು ಹುಡುಕಿದ, ಅದು ಕಾಣಲಿಲ್ಲ. ಅಪರಿಚಿತರು ಅಂಗಡಿಯಲ್ಲಿ ವಸ್ತುವನ್ನು ತಿರುಗಿಸಿ ನೋಡುವ ಹಾಗೆ ಅವಳು ಅವನನ್ನು ನೋಡುತ್ತಿದ್ದಳು, ಇದುವರೆಗೆ ಅಪ್ಪ ಹೇಳಿದ್ದ ಎಷ್ಟೋ ಮಾತುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿರುವ ಹಾಗೆ. ಅದು ಸಿಟ್ಟಿಗಿಂತ ನ್ಯಾಯವಾದದ್ದು ಎಂದು ಅವನಿಗೆ ಗೊತ್ತಿತ್ತು.

"ಅಮ್ಮನಿಗೆ?"

"ಹೇಳ್ತೀನಿ. ಇವತ್ತೇ."

"ನಾನು ಎದುರಿಗೆ ಇರ್ತೀನಿ. ಇಲ್ದಿದ್ರೆ ನೀವು ಬೇರೆ ಥರ ಹೇಳ್ತೀರ."

ಅವನು ತಲೆಯಾಡಿಸಿದ. ದೂರದಲ್ಲಿ ಮೋಟರು ಹಿಡಿದುಕೊಂಡ ಶಬ್ದ ಬಂತು, ಕಾಲುವೆಗೆ ನೀರು ಬಿತ್ತು. ನೀರು ಹುಯ್ಯಬೇಕು, ಒಂದು ಚೊಂಬು ತಾ, ಎಂದು ಹೇಳಲು ಬಾಯಿ ತೆರೆದ.

"ಮೊದಲು ಇನ್ನೊಂದ್ಸಲ ಅಳೆಯೋಣ," ಅಂದಳು ದಿವ್ಯ. ಟೇಪನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನು ಸಲಾಕೆಯನ್ನು ಮತ್ತೆ ಒಳಗೆ ಬಿಟ್ಟು ಹೊಸ ಗುರುತು ಹಾಕಿದ. ಈ ಸಲ ಅವಳು ಹಿಡಿದಳು, ಅವನು ಗಟ್ಟಿಯಾಗಿ ಓದಿದ. ಒಳಗೆ ಒಂಬೈನೂರ ಇಪ್ಪತ್ತೆಂಟು. ಹೊರಗೆ ಒಂದು ಸಾವಿರದ ಹನ್ನೆರಡು. ವ್ಯತ್ಯಾಸ ಎಂಬತ್ತನಾಲ್ಕು ಮಿಲಿಮೀಟರ್.